ಪ್ರೈಮರಿಗೆ ಜನ ಮುಗಿಬಿದ್ದರೆ ನವೆಂಬರ್‌ನಲ್ಲಿ ಗೆಲುವು ಗ್ಯಾರಂಟಿನಾ?

ಕೆರೆಏರಿ ಕಿಟ್ಟಿ

ಅಮೆರಿಕದ ಚುನಾವಣೆ ಹತ್ತಿರ ಬಂದಾಗೆಲ್ಲ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಜಗಳ. ನ್ಯೂಜೆರ್ಸಿಯಲ್ಲಿರೋ ನಮ್ಮ ಭಾವನ ವಾದ ಸರಳ. ಯಾವ ಪಕ್ಷದ ಪ್ರೈಮರಿಗೆ, ಅಂದರೆ ಅಭ್ಯರ್ಥಿಯನ್ನು ಆರಿಸೋ ಒಳಚುನಾವಣೆಗೆ, ಜಾಸ್ತಿ ಜನ ಬರ್ತಾರೋ ಆ ಪಕ್ಷಕ್ಕೆ ಹುರುಪು ಜಾಸ್ತಿ, ಹುರುಪು ಇದ್ದವರೇ ನವೆಂಬರ್‌ನ ನಿಜವಾದ ಚುನಾವಣೆಯಲ್ಲಿ ಗೆಲ್ಲೋದು ಅಂತ.

ಸಾಕ್ಷಿಗೆ 2008 ತೋರಿಸ್ತಾರೆ. ಡೆಮಾಕ್ರಟರ ಕಡೆ ಒಬಾಮಾ, ಹಿಲರಿ ಕ್ಲಿಂಟನ್ ಪೈಪೋಟಿಯಲ್ಲಿ ಓಟು ಹಾಕಿದವರು ಮೂರೂವರೆ ಕೋಟಿ ದಾಟಿದ್ದರು. ರಿಪಬ್ಲಿಕನ್ ಕಡೆ ಸುಮಾರು ಎರಡು ಕೋಟಿ. ಕೊನೆಗೆ ಒಬಾಮಾ ಆರಾಮಾಗಿ ಗೆದ್ದರು. 2016ರಲ್ಲಿ ರಿಪಬ್ಲಿಕನ್ ಪ್ರೈಮರಿಗಳಲ್ಲಿ ದಾಖಲೆ ಮತದಾನ, ಟ್ರಂಪ್ ಗೆದ್ದರು. 2020ರಲ್ಲಿ ಡೆಮಾಕ್ರಟರ ಕಡೆ ಜಾಸ್ತಿ, ಬೈಡನ್ ಗೆದ್ದರು. ಮೂರಕ್ಕೆ ಮೂರು ಸರಿ ಹೋಯ್ತಲ್ಲ ಅಂತಾರೆ.

ನನಗೇನೋ ಇದು ಅಷ್ಟು ಸಲೀಸಾಗಿ ಒಪ್ಪಿಗೆ ಆಗ್ತಿಲ್ಲ. ಆದರೆ ಎದುರು ಹೇಳೋಕೆ ಅಂಕಿಅಂಶ ಕೈಯಲ್ಲಿಲ್ಲ. ಗೊತ್ತಿರೋರು ಹೇಳಿ. ಟ್ರಂಪ್ ಒಳ್ಳೆಯವರಾ, ಕೆಟ್ಟವರಾ ಅನ್ನೋ ಜಗಳಕ್ಕೆ ಬೇರೆ ಕಡೆ ಜಾಗ ಇದೆ, ದಯವಿಟ್ಟು ಇಲ್ಲಿ ಬೇಡ.

ಲೆಕ್ಕದ ಲಲಿತಾ

ಕಿಟ್ಟಿ, ನಿಮ್ಮ ಭಾವ ತಮಗೆ ಬೇಕಾದ ಮೂರು ವರ್ಷ ಹೆಕ್ಕಿಕೊಂಡಿದ್ದಾರೆ. ಸ್ವಲ್ಪ ಹಿಂದಕ್ಕೆ ಹೋಗಿ.

1988. ಡೆಮಾಕ್ರಟ್ ಪ್ರೈಮರಿಗಳಿಗೆ ಬಂದವರು ಸುಮಾರು 2.3 ಕೋಟಿ, ರಿಪಬ್ಲಿಕನ್ ಕಡೆ ಸುಮಾರು 1.2 ಕೋಟಿ. ಹತ್ತಿರ ಹತ್ತಿರ ಡಬಲ್. ನವೆಂಬರ್‌ನಲ್ಲಿ ಡೆಮಾಕ್ರಟರ ಡುಕಾಕಿಸ್ ಮಣ್ಣುಮುಕ್ಕಿದರು. ಅಪ್ಪ ಬುಷ್ 40 ರಾಜ್ಯ ಗೆದ್ದರು. ಯಾಕೆ ಹೀಗೆ? ಬುಷ್ ಮಾರ್ಚ್‌ನಲ್ಲೇ ಎದುರಾಳಿಗಳನ್ನು ಮುಗಿಸಿಬಿಟ್ಟರು. ಆಮೇಲಿನ ರಾಜ್ಯಗಳ ರಿಪಬ್ಲಿಕನ್ನರಿಗೆ ಮತಗಟ್ಟೆಗೆ ಹೋಗೋಕೆ ಕಾರಣವೇ ಇರಲಿಲ್ಲ. ಡೆಮಾಕ್ರಟರ ಕಡೆ ಡುಕಾಕಿಸ್ ಮತ್ತು ಜೆಸ್ಸಿ ಜಾಕ್ಸನ್ ಜೂನ್ ತನಕ ಎಳೆದಾಡಿದರು.

1984ರಲ್ಲಿ ಡೆಮಾಕ್ರಟರ ಮಾಂಡೇಲ್, ಗ್ಯಾರಿ ಹಾರ್ಟ್ ಜಟಾಪಟಿಗೆ ಸುಮಾರು 1.8 ಕೋಟಿ ಜನ. ರಿಪಬ್ಲಿಕನ್ ಅಧ್ಯಕ್ಷ ರೇಗನ್‌ಗೆ ಎದುರಾಳಿಯೇ ಇಲ್ಲ, ಹಾಗಾಗಿ ಆ ಕಡೆ ಒಂದು ಕೋಟಿ ಕೂಡ ಆಗಲಿಲ್ಲ. ಆ ರೇಗನ್ 49 ರಾಜ್ಯ ಗೆದ್ದರು! 1972ರಲ್ಲಿ ನಿಕ್ಸನ್ ಕಥೆಯೂ ಇದೇ, ಅದೂ 49 ರಾಜ್ಯ. 2012ರಲ್ಲಿ ರಿಪಬ್ಲಿಕನ್ ಪ್ರೈಮರಿಗೆ ಒಬಾಮಾ ಕಡೆಗಿಂತ ಡಬಲ್ ಜನ ಬಂದರು, ಗೆದ್ದಿದ್ದು ಒಬಾಮಾ.

ಅಂದರೆ ಈ ಸಂಖ್ಯೆ ತೋರಿಸೋದು ಪೈಪೋಟಿ ಎಷ್ಟು ಬಿಸಿ ಇತ್ತು ಅನ್ನೋದನ್ನ. ಊರ ಕುಸ್ತಿಗೆ ಜನ ಸೇರೋದು ಜೋಡಿ ಸಮ ಇದ್ದಾಗ. ಒಬ್ಬನೇ ಪೈಲ್ವಾನ್ ಅಖಾಡದಲ್ಲಿ ನಿಂತು ತೊಡೆ ತಟ್ಟಿದರೆ ಯಾರು ಹೋಗ್ತಾರೆ?

ಇನ್ನು 2016. ಎರಡೂ ಪಕ್ಷಕ್ಕೆ ಹೆಚ್ಚುಕಡಿಮೆ ಮೂರು ಮೂರು ಕೋಟಿ ಬಿದ್ದಿತ್ತು. ಹಿಲರಿಗೆ ಪ್ರೈಮರಿಯಲ್ಲಿ ಸಿಕ್ಕಿದ್ದು 1.69 ಕೋಟಿ, ಟ್ರಂಪ್‌ಗೆ ಸುಮಾರು 1.4 ಕೋಟಿ. ನವೆಂಬರ್‌ನಲ್ಲೂ ಒಟ್ಟು ಓಟಿನಲ್ಲಿ ಹಿಲರಿ 28 ಲಕ್ಷ ಮುಂದಿದ್ದರು, ಸೋತಿದ್ದು ಎಲೆಕ್ಟೋರಲ್ ಕಾಲೇಜಿನಲ್ಲಿ (ಅಧ್ಯಕ್ಷರನ್ನು ಆರಿಸೋ ರಾಜ್ಯವಾರು ಪ್ರತಿನಿಧಿಗಳ ಓಟಿನಲ್ಲಿ). ಅದನ್ನು "ಸರಿ ಹೋಯ್ತು" ಪಟ್ಟಿಗೆ ಸೇರಿಸೋದು ಭಾವನ ಧಾರಾಳತನ.

ಪ್ಲೇನೋ ಪುಟ್ಟಣ್ಣ

ಟೆಕ್ಸಾಸ್‌ನಿಂದ ನಮಸ್ಕಾರ. ಲಲಿತಾ ಮೇಡಂ ಹೇಳಿದ್ದಕ್ಕೆ ನಮ್ಮ ರಾಜ್ಯದ ಒಗ್ಗರಣೆ.

2008ರ ಮಾರ್ಚ್ 4. ಇಲ್ಲಿ ಡೆಮಾಕ್ರಟ್ ಪ್ರೈಮರಿಗೆ 28 ಲಕ್ಷಕ್ಕೂ ಜಾಸ್ತಿ ಓಟು. ರಿಪಬ್ಲಿಕನ್ ಕಡೆ 13.6 ಲಕ್ಷ. ಆಗ ಇಲ್ಲಿನ ಟಿವಿಯವರು ಟೆಕ್ಸಾಸ್ ಬದಲಾಗ್ತಿದೆ ಅಂತ ಕುಣಿದಿದ್ದೇ ಕುಣಿದಿದ್ದು. ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಇಲ್ಲಿ ಸುಮಾರು 12 ಪಾಯಿಂಟ್ (ಶೇಕಡಾವಾರು) ಅಂತರದಿಂದ ಗೆದ್ದರು. 2020ರಲ್ಲೂ ಡೆಮಾಕ್ರಟ್ ಪ್ರೈಮರಿಯದ್ದೇ ಒಂಚೂರು ಕೈ ಮೇಲೆ, ಎರಡೂ ಕಡೆ 20 ಲಕ್ಷ ದಾಟಿತ್ತು. ಟ್ರಂಪ್ ಐದೂವರೆ ಪಾಯಿಂಟ್‌ನಿಂದ ಗೆದ್ದರು.

ಇಲ್ಲಿ ಓಟು ಹಾಕೋ ರೀತಿ ಗೊತ್ತಾದರೆ ಯಾಕೆ ಅಂತ ಅರ್ಥ ಆಗುತ್ತೆ. ಟೆಕ್ಸಾಸ್‌ನಲ್ಲಿ ಮತದಾರರು ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಳ್ಳೋದೇ ಇಲ್ಲ. ಮತಗಟ್ಟೆಗೆ ಹೋದಾಗ ಮೇಜಿನ ಹಿಂದೆ ಕೂತವರು ಲೈಸೆನ್ಸ್ ನೋಡಿ, ಹೆಸರು ತಾಳೆ ಹಾಕಿ, "ಯಾವ ಪಕ್ಷದ ಪ್ರೈಮರಿ?" ಅಂತ ಕೇಳ್ತಾರೆ. ನೀವು ಬಾಯಲ್ಲಿ ಹೇಳಿದ್ದೇ ನಿಮ್ಮ ಪಕ್ಷ, ಅದೂ ಆ ಸಲಕ್ಕೆ ಮಾತ್ರ. ಒಂದೇ ನಿರ್ಬಂಧ ಅಂದರೆ ಆ ಪಕ್ಷದ ರನ್‌ಆಫ್ (ಮೊದಲ ಇಬ್ಬರ ನಡುವಿನ ಎರಡನೇ ಸುತ್ತು) ಬಂದರೆ ಇನ್ನೊಂದು ಪಕ್ಷದ ಕಡೆ ಹಾರೋ ಹಾಗಿಲ್ಲ. ನನ್ನ ಆಫೀಸಿನಲ್ಲಿ ಕಟ್ಟಾ ರಿಪಬ್ಲಿಕನ್ ಒಬ್ಬರಿದ್ದಾರೆ. 2008ರಲ್ಲಿ ಅವರೂ ಡೆಮಾಕ್ರಟ್ ಬ್ಯಾಲೆಟ್ ಕೇಳಿದ್ದರಂತೆ. ತಮ್ಮ ಕಡೆ ಮೆಕೇನ್ ಹೆಸರು ಆಗಲೇ ಹೆಚ್ಚುಕಡಿಮೆ ಖಚಿತವಾಗಿತ್ತು, ಸುಮ್ನೆ ಕೂರೋ ಬದಲು ಮಜಾ ನೋಡೋಣ ಅಂತ! ರೇಡಿಯೋದ ರಿಪಬ್ಲಿಕನ್ ಪರ ಮಾತುಗಾರ ರಶ್ ಲಿಂಬಾ ಆ ವರ್ಷ ಬಹಿರಂಗವಾಗೇ ಕರೆ ಕೊಟ್ಟಿದ್ದರು, ಹಿಲರಿಗೆ ಓಟು ಹಾಕಿ ಅವರ ಜಗಳ ಉದ್ದ ಮಾಡಿ ಅಂತ.

ಅಂಥವರೂ ಆ 28 ಲಕ್ಷದಲ್ಲಿದ್ದಾರೆ.

ಬೆಂದಕಾಳೂರು ಬಾಬು

ಪಕ್ಷದ ಅಭ್ಯರ್ಥಿಯನ್ನು ಎದುರು ಪಕ್ಷದವನೂ ಬಂದು ಆರಿಸಬಹುದಾ? ನಮ್ಮಲ್ಲಿ ಬಿ ಫಾರಂಗೋಸ್ಕರ ದೆಹಲಿಗೆ ಹೋಗಿ ಹೋಟೆಲ್‌ನಲ್ಲಿ ವಾರಗಟ್ಟಲೆ ಕಾಯ್ತಾರೆ, ಅಲ್ಲಿ ಹೀಗಾ!

ಪ್ಲೇನೋ ಪುಟ್ಟಣ್ಣ

ಎಲ್ಲಾ ರಾಜ್ಯದಲ್ಲಿ ಇಲ್ಲ ಬಾಬು. ಪೆನ್ಸಿಲ್ವೇನಿಯಾ, ಫ್ಲೋರಿಡಾ, ನ್ಯೂಯಾರ್ಕ್, ಕೆಂಟಕಿ ಇವೆಲ್ಲ ಬಾಗಿಲು ಹಾಕಿದ ಪ್ರೈಮರಿಗಳು. ಆ ಪಕ್ಷದಲ್ಲಿ ನೋಂದಾಯಿಸಿದವರಿಗೆ ಮಾತ್ರ ಪ್ರವೇಶ.

ಲೆಕ್ಕದ ಲಲಿತಾ

ಬಾಗಿಲು ಹಾಕಿದ್ದರೂ ಲೆಕ್ಕ ಸರಿಯಾಗಲ್ಲ ಪುಟ್ಟಣ್ಣ. ಕೆಂಟಕಿಯನ್ನೇ ನೋಡಿ. 2022ರ ತನಕ ಅಲ್ಲಿ ನೋಂದಾಯಿತ ಡೆಮಾಕ್ರಟರೇ ಜಾಸ್ತಿ ಇದ್ದರು. ಅಪ್ಪ, ತಾತನ ಕಾಲದ ನೋಂದಣಿ, ಯಾರೂ ಬದಲಾಯಿಸೋಕೆ ಹೋಗಿರಲಿಲ್ಲ. 2016ರಲ್ಲಿ ಅಲ್ಲಿ ಟ್ರಂಪ್ ಗೆದ್ದಿದ್ದು 30 ಪಾಯಿಂಟ್‌ನಿಂದ. ಪಕ್ಕದ ವೆಸ್ಟ್ ವರ್ಜೀನಿಯಾ ಇನ್ನೂ ತಮಾಷೆ. 2016ರಲ್ಲಿ ಅಲ್ಲೂ ಡೆಮಾಕ್ರಟ್ ಪ್ರೈಮರಿಗೇ ಜಾಸ್ತಿ ಜನ ಬಂದಿದ್ದರು. ನವೆಂಬರ್‌ನಲ್ಲಿ ಟ್ರಂಪ್‌ಗೆ 42 ಪಾಯಿಂಟ್ ಲೀಡ್.

ಅದೇ ವೆಸ್ಟ್ ವರ್ಜೀನಿಯಾದಲ್ಲಿ 2012ರಲ್ಲಿ ಒಬಾಮಾ ವಿರುದ್ಧ ನಿಂತಿದ್ದವನು ಟೆಕ್ಸಾಸ್‌ನ ಜೈಲಿನಲ್ಲಿದ್ದ ಒಬ್ಬ ಕೈದಿ. ಅವನಿಗೆ ಶೇ 41 ಓಟು ಬಿತ್ತು! ಹಾಲಿ ಅಧ್ಯಕ್ಷರ ಎದುರು, ಅವರದೇ ಪಕ್ಷದಲ್ಲಿ.

ಬೆಂದಕಾಳೂರು ಬಾಬು

ನಮ್ಮಲ್ಲಾಗಿದ್ದರೆ ಮುಂದಿನ ಸಲ ಅವನಿಗೇ ಟಿಕೆಟ್ ಕೊಡ್ತಿದ್ದರು.

ಕುಡ್ಲದ ಶೆಟ್ರು

ಬಾಬು, ಬಿ ಫಾರಂ ಮಾತು ಎತ್ತಿದ್ದಕ್ಕೆ ಹೇಳುತ್ತೇನೆ. ಪ್ರೈಮರಿ ನಮ್ಮಲ್ಲೂ ಒಂದು ಸಲ ಆಗಿದೆ ಮಾರಾಯ್ರೆ, ಜನ ಮರೆತಿದ್ದಾರೆ ಅಷ್ಟೆ. 2014ರ ಲೋಕಸಭೆಗೆ ರಾಹುಲ್ ಗಾಂಧಿ ಅಮೆರಿಕದ ಮಾದರಿಯಲ್ಲಿ ಕೆಲವು ಕ್ಷೇತ್ರಗಳಲ್ಲಿ ಒಳಚುನಾವಣೆ ಮಾಡಿಸಿದರು. ಕರ್ನಾಟಕದಿಂದ ಆರಿಸಿದ್ದು ಬೆಂಗಳೂರು ಉತ್ತರ ಮತ್ತು ನಮ್ಮ ದಕ್ಷಿಣ ಕನ್ನಡ. ಇಲ್ಲಿ ಜನಾರ್ದನ ಪೂಜಾರಿ ಗೆದ್ದರು, ಅಲ್ಲಿ ಸಿ. ನಾರಾಯಣಸ್ವಾಮಿ. ನಿಜವಾದ ಚುನಾವಣೆಯಲ್ಲಿ ಇಬ್ಬರೂ ಸೋತರು. ಗೆದ್ದಿದ್ದು ಇಲ್ಲಿ ನಳಿನ್ ಕುಮಾರ್ ಕಟೀಲ್, ಅಲ್ಲಿ ಸದಾನಂದ ಗೌಡರು.

ಆದರೆ ಅದರಲ್ಲಿ ಓಟು ಹಾಕಿದ್ದು ಪಕ್ಷದ ಪದಾಧಿಕಾರಿಗಳು ಮಾತ್ರ, ಸಾಮಾನ್ಯ ಮತದಾರರಲ್ಲ. ಹಾಗಾಗಿ ಅಮೆರಿಕದ್ದಕ್ಕೆ ಹೋಲಿಸಿದರೆ ಅದು ಪಕ್ಷದ ಮೀಟಿಂಗ್ ಅಷ್ಟೆ. ಇಲ್ಲಿ ಹೇಳಿದ್ದು ಯಾಕೆಂದರೆ, ಮನೆಯೊಳಗಿನ ಗೆಲುವಿಗೂ ಊರಿನ ಗೆಲುವಿಗೂ ಇರುವ ದೂರ ನಮಗೂ ಗೊತ್ತಿಲ್ಲದ್ದಲ್ಲ.

ಡೆಟ್ರಾಯ್ಟ್ ದೊಡ್ಡಮ್ಮ

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ನಾನು ಸ್ವಲ್ಪ ಭಾವನ ಪರ ಮಾತಾಡ್ತೀನಿ. ಮಿಷಿಗನ್‌ನಲ್ಲಿದ್ದೀನಿ, ಸಿಟಿಜನ್ ಆದಮೇಲೆ ಯಾವ ಪ್ರೈಮರಿಯನ್ನೂ ಬಿಟ್ಟಿಲ್ಲ.

2016ರಲ್ಲಿ ಇಲ್ಲಿ ಎರಡೂ ಪಕ್ಷದಲ್ಲಿ ಭಾರೀ ಪೈಪೋಟಿ ಇತ್ತು. ಹಿಲರಿಗೆ ಬರ್ನಿ ಸ್ಯಾಂಡರ್ಸ್ ಎದುರಾಳಿ, ಟ್ರಂಪ್‌ಗೆ ಕ್ರೂಸ್ ಮತ್ತು ಕೇಸಿಕ್. ಆಗ ರಿಪಬ್ಲಿಕನ್ ಕಡೆ 13 ಲಕ್ಷ ದಾಟಿತು, ಡೆಮಾಕ್ರಟ್ ಕಡೆ ಸುಮಾರು 12 ಲಕ್ಷ. ಎಲ್ಲರೂ ಮಿಷಿಗನ್ ಡೆಮಾಕ್ರಟರ ಜೇಬಿನಲ್ಲಿದೆ ಅಂದುಕೊಂಡಿದ್ದರು. ಟ್ರಂಪ್ 10,704 ಓಟಿನಿಂದ ಗೆದ್ದರು. ವಿಸ್ಕಾನ್ಸಿನ್‌ನಲ್ಲೂ ಹಾಗೇ ಆಯ್ತು. ಎರಡೂ ಕಡೆ ಸಮ ಸಮ ಜಗಳ ಇದ್ದಾಗ ಆ ಅಂಕಿ ಏನೋ ಹೇಳ್ತಿತ್ತು, ಕೇಳಿಸಿಕೊಳ್ಳೋರು ಇರಲಿಲ್ಲ. 2018ರಲ್ಲೂ ನೋಡಿ. ಗವರ್ನರ್ ಪ್ರೈಮರಿಗೆ ಡೆಮಾಕ್ರಟರು ಸುಮಾರು 11.3 ಲಕ್ಷ, ರಿಪಬ್ಲಿಕನ್ನರು 9.9 ಲಕ್ಷ. ಎರಡೂ ಕಡೆ ಸ್ಪರ್ಧೆ ಇತ್ತು. ನವೆಂಬರ್‌ನಲ್ಲಿ ಗ್ರೆಚೆನ್ ವಿಟ್ಮರ್ ಒಂಬತ್ತು ಪಾಯಿಂಟ್‌ಗೂ ಜಾಸ್ತಿ ಅಂತರದಿಂದ ಗೆದ್ದರು.

ಇನ್ನೊಂದು, ನಮ್ಮ ಆಗಸ್ಟ್ ಪ್ರೈಮರಿಯ ಬ್ಯಾಲೆಟ್ ಬಗ್ಗೆ. ಒಂದೇ ಹಾಳೆಯಲ್ಲಿ ಎರಡು ಪಕ್ಷಕ್ಕೂ ಒಂದೊಂದು ಕಾಲಂ. ಗುಟ್ಟಾಗಿ ಒಂದು ಕಾಲಂ ಆರಿಸಿಕೊಳ್ಳಬೇಕು. ಅಲ್ಲೊಂದು ಇಲ್ಲೊಂದು ಗುರುತು ಹಾಕಿದರೆ ಪಕ್ಷದ ಭಾಗದ ಓಟು ಲೆಕ್ಕಕ್ಕೇ ಬರಲ್ಲ. ಮೊದಲ ಸಲ ಹೋದಾಗ ಪಕ್ಕದ ಬೂತಿನಲ್ಲಿದ್ದ ಅಜ್ಜ ಎರಡೂ ಕಡೆ ಗುರುತು ಹಾಕಿಬಿಟ್ಟಿದ್ದರು. ಯಂತ್ರ ಹಾಳೆಯನ್ನು ವಾಪಸ್ ತಳ್ಳಿತು, ಹೊಸ ಹಾಳೆ ಕೊಟ್ಟರು. "ನನಗೆ ಇಬ್ಬರೂ ಬೇಕು, ಏನೀಗ?" ಅಂತ ಗೊಣಗ್ತಾ ಮತ್ತೆ ಕೂತರು ಪಾಪ.

ಲೆಕ್ಕದ ಲಲಿತಾ

ದೊಡ್ಡಮ್ಮ, "ಎರಡೂ ಕಡೆ ಸ್ಪರ್ಧೆ ಇದ್ದಾಗ" ಅನ್ನೋ ಷರತ್ತು ಒಳ್ಳೇದು. ಆದರೆ 2016ರಲ್ಲೇ ವರ್ಜೀನಿಯಾ ಇದೆಯಲ್ಲ. ಅದೇ ಹಿಲರಿ, ಅದೇ ಬರ್ನಿ, ಅದೇ ಟ್ರಂಪ್. ರಿಪಬ್ಲಿಕನ್ ಪ್ರೈಮರಿಗೆ ಹತ್ತು ಲಕ್ಷ ದಾಟಿತು, ಡೆಮಾಕ್ರಟರದ್ದು ಎಂಟು ಲಕ್ಷ ಮುಟ್ಟಲಿಲ್ಲ. ನವೆಂಬರ್‌ನಲ್ಲಿ ಹಿಲರಿ ಐದು ಪಾಯಿಂಟ್‌ನಿಂದ ಗೆದ್ದರು. ಅಲ್ಲಿ ರಿಪಬ್ಲಿಕನ್ ಪ್ರೈಮರಿಗೆ ಬಂದ ಎಷ್ಟೋ ಜನ ಟ್ರಂಪ್‌ನ ತಡೆಯೋಕೆ ಅಂತಲೇ ಮಾರ್ಕೊ ರುಬಿಯೋಗೆ ಹಾಕಿದವರು.

ನಿಮ್ಮ ಮಿಷಿಗನ್‌ನ 2022 ಕೂಡ ಹೇಳಿಬಿಡ್ತೀನಿ. ವಿಟ್ಮರ್‌ಗೆ ಪಕ್ಷದೊಳಗೆ ಎದುರಾಳಿ ಇಲ್ಲ, ರಿಪಬ್ಲಿಕನ್ ಕಡೆ ಐದು ಜನ. ಪ್ರೈಮರಿಯಲ್ಲಿ ರಿಪಬ್ಲಿಕನ್ ಓಟೇ ಜಾಸ್ತಿ. ನವೆಂಬರ್‌ನಲ್ಲಿ ವಿಟ್ಮರ್ ಹತ್ತು ಪಾಯಿಂಟ್ ಲೀಡಿನಲ್ಲಿ ಗೆದ್ದರು, 2018ಕ್ಕಿಂತಲೂ ಚೆನ್ನಾಗಿ.

ಅದೇ ವರ್ಷದ ಜಾರ್ಜಿಯಾ ನನ್ನ ಅಚ್ಚುಮೆಚ್ಚಿನ ಉದಾಹರಣೆ. ರಿಪಬ್ಲಿಕನ್ ಗವರ್ನರ್ ಕೆಂಪ್ ಮೇಲೆ ಟ್ರಂಪ್ ಸಿಟ್ಟಾಗಿ ಪರ್ಡ್ಯೂ ಅವರನ್ನು ಎತ್ತಿಕಟ್ಟಿದ್ದರು. ರಿಪಬ್ಲಿಕನ್ ಪ್ರೈಮರಿಗೆ ಸುಮಾರು 12 ಲಕ್ಷ, ಡೆಮಾಕ್ರಟ್ ಕಡೆ ಸುಮಾರು 7 ಲಕ್ಷ. ನವೆಂಬರ್‌ನಲ್ಲಿ ಕೆಂಪ್ ಏಳು ಪಾಯಿಂಟ್‌ಗೂ ಜಾಸ್ತಿಯಿಂದ ಗೆದ್ದರು. ಅದೇ ದಿನ, ಅದೇ ಬ್ಯಾಲೆಟ್‌ನಲ್ಲಿ, ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ನಿಂತ ರಿಪಬ್ಲಿಕನ್ ಹರ್ಷಲ್ ವಾಕರ್ ಹಿಂದೆ ಬಿದ್ದರು. ಡಿಸೆಂಬರ್ ರನ್‌ಆಫ್‌ನಲ್ಲಿ ಡೆಮಾಕ್ರಟರ ವಾರ್ನಾಕ್ ಗೆದ್ದರು. ಒಂದೇ ಪ್ರೈಮರಿ, ಎರಡು ಫಲಿತಾಂಶ. ಈಗ ಆ 12 ಲಕ್ಷ ಯಾರ ಗೆಲುವಿನ ಮುನ್ಸೂಚನೆ ಅಂತ ಹೇಳ್ತೀರಾ?

ಕೆರೆಏರಿ ಕಿಟ್ಟಿ

ಹಾಗಾದರೆ ಜನ ಎಷ್ಟು ಬಂದರು ಅನ್ನೋದು ಬಿಟ್ಟು, ಬಂದವರು ಏನು ಮಾಡಿದರು ಅಂತ ನೋಡಿದರೆ? ಪಕ್ಷದೊಳಗಿನ ಭಿನ್ನಮತಕ್ಕೆ ಬಿದ್ದ ಓಟು?

ಡೆಟ್ರಾಯ್ಟ್ ದೊಡ್ಡಮ್ಮ

ಅದಕ್ಕೆ ನಮ್ಮೂರೇ ಸಾಕ್ಷಿ. 2024ರ ಫೆಬ್ರುವರಿ 27. ಬೈಡನ್‌ಗೆ ಎದುರಾಳಿ ಅನ್ನೋ ಹಾಗೆ ಯಾರೂ ಇರಲಿಲ್ಲ. ಆದರೆ ಗಾಜಾ ಯುದ್ಧದ ಸಿಟ್ಟಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ "ಯಾರಿಗೂ ಬದ್ಧರಲ್ಲ" ಅನ್ನೋ ಖಾನೆಗೆ ಗುರುತು ಹಾಕಿದರು. ಶೇ 13. ಡಿಯರ್‌ಬಾರ್ನ್‌ನ ಅರಬ್ ಅಂಗಡಿಗಳಲ್ಲಿ, ಬೇಕರಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಜುಲೈನಲ್ಲಿ ಬೈಡನ್ ಹಿಂದೆ ಸರಿದರು, ಹ್ಯಾರಿಸ್ ಬಂದರು. ನವೆಂಬರ್‌ನಲ್ಲಿ ಮಿಷಿಗನ್ ಕೈತಪ್ಪಿದ್ದು ಸುಮಾರು 80 ಸಾವಿರ ಓಟಿನಿಂದ. ಡಿಯರ್‌ಬಾರ್ನ್‌ನಲ್ಲಿ ಟ್ರಂಪ್ ಹ್ಯಾರಿಸ್‌ಗಿಂತ ಮುಂದೆ!

ಒಟ್ಟು ಎಷ್ಟು ಜನ ಬಂದರು ಅಂತ ಎಣಿಸುತ್ತಾ ಕೂತಿದ್ದವರಿಗೆ ಇದು ಕಾಣಿಸಲೇ ಇಲ್ಲ.

ಪಿಟ್ಸ್‌ಬರ್ಗ್ ಪರಮೇಶಿ

ದೊಡ್ಡಮ್ಮ, ನಮ್ಮ ಪೆನ್ಸಿಲ್ವೇನಿಯಾ ಇದಕ್ಕೆ ಉಲ್ಟಾ ಇದೆ. 2024ರ ಏಪ್ರಿಲ್ 23ರ ಪ್ರೈಮರಿ ಹೊತ್ತಿಗೆ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿ ಕಣ ಬಿಟ್ಟು ಒಂದೂವರೆ ತಿಂಗಳಾಗಿತ್ತು. ಆದರೂ ಅವರ ಹೆಸರಿಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಓಟು ಬಿತ್ತು. ಬಾಗಿಲು ಹಾಕಿದ ಪ್ರೈಮರಿ ಇದು, ಹಾಕಿದವರೆಲ್ಲ ನೋಂದಾಯಿತ ರಿಪಬ್ಲಿಕನ್ನರು. ಟಿವಿಯಲ್ಲಿ ಎಲ್ಲರೂ ಇವರು ನವೆಂಬರ್‌ನಲ್ಲಿ ಟ್ರಂಪ್‌ಗೆ ಕೈಕೊಡ್ತಾರೆ ಅಂದರು. ಹ್ಯಾರಿಸ್ ಕೂಡ ಟ್ರಂಪ್ ವಿರೋಧಿ ರಿಪಬ್ಲಿಕನ್ ಲಿಜ್ ಚೇನಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಓಟಿಗಾಗಿ ತಿರುಗಾಡಿದರು.

ಟ್ರಂಪ್ ಇಲ್ಲಿ ಸುಮಾರು 1.2 ಲಕ್ಷ ಓಟಿನಿಂದ ಗೆದ್ದರು. ಹೇಲಿ ಓಟುಗಳಲ್ಲಿ ಎಷ್ಟೋ ಮೊದಲೇ ಟ್ರಂಪ್‌ನ ಕೈಬಿಟ್ಟವರದ್ದು, 2020ರಲ್ಲೇ ಬೈಡನ್‌ಗೆ ಹಾಕಿದವರದ್ದು ಇರಬೇಕು ಅಂತ ನನ್ನ ಅಂದಾಜು. ಹೊಸದಾಗಿ ಕಳಕೊಂಡಿದ್ದು ಏನೂ ಇರಲಿಲ್ಲ.

ಲೆಕ್ಕದ ಲಲಿತಾ

ಪರಮೇಶಿ ಹೇಳಿದ್ದು ಮುಖ್ಯ. ಭಿನ್ನಮತ ಹಳೇದಾ ಹೊಸದಾ ಅಂತ ನೋಡಬೇಕು. ಹಾಲಿ ಅಧ್ಯಕ್ಷರಿಗೆ ಪಕ್ಷದೊಳಗೇ ಗಟ್ಟಿ ಸವಾಲು ಬಂದಾಗ ಚರಿತ್ರೆ ಒಂದೇ ಥರ ಇದೆ. 1968ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಜಾನ್ಸನ್ ಗೆದ್ದರೂ ಅದೇ ಪಕ್ಷದ ಮೆಕಾರ್ಥಿಗೆ ಶೇ 42 ಬಿತ್ತು, ಮೂರು ವಾರದೊಳಗೆ ಜಾನ್ಸನ್ ಕಣದಿಂದ ಹೊರಗೆ. 1976ರಲ್ಲಿ ಫೋರ್ಡ್‌ಗೆ ರೇಗನ್, 1980ರಲ್ಲಿ ಕಾರ್ಟರ್‌ಗೆ ಟೆಡ್ ಕೆನಡಿ, 1992ರಲ್ಲಿ ಬುಷ್‌ಗೆ ಬುಕಾನನ್. ಮೂವರೂ ನವೆಂಬರ್‌ನಲ್ಲಿ ಸೋತರು. ಕಾರ್ಟರ್ ವರ್ಷದಲ್ಲಿ ಡೆಮಾಕ್ರಟ್ ಪ್ರೈಮರಿಗೆ ರಿಪಬ್ಲಿಕನ್ ಕಡೆಗಿಂತ ಜಾಸ್ತಿ ಜನ ಬಂದಿದ್ದರು. ಅದು ಹುರುಪಲ್ಲ, ಮನೆಜಗಳ.

ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಹೆಲ್ಮುಟ್ ನಾರ್ಪೋತ್ ಅನ್ನೋ ಪ್ರೊಫೆಸರ್ ಇದೇ ಎಳೆ ಹಿಡಿದು ಒಂದು ಮಾದರಿ ಕಟ್ಟಿದ್ದಾರೆ. ಜನ ಎಷ್ಟು ಬಂದರು ಅಂತಲ್ಲ, ಅಭ್ಯರ್ಥಿಗಳು ತಮ್ಮ ಪಕ್ಷದ ಪ್ರೈಮರಿಯಲ್ಲಿ ಎಷ್ಟು ಗಟ್ಟಿ ಅಂತ ನೋಡೋದು. 2016ರಲ್ಲಿ ಟ್ರಂಪ್ ಗೆಲ್ತಾರೆ ಅಂದರು, ಹೆಸರಾಯ್ತು. 2020ರಲ್ಲಿ ಟ್ರಂಪ್ ಗೆಲ್ಲೋ ಸಾಧ್ಯತೆ ಶೇ 91 ಅಂದರು. ಠುಸ್!

ಚಿಕ್ಕೋಡಿ ಚಂದ್ರು

ನಮ್ಮ ಊರಿನ ಕಡೆಯವರ ಹೆಸರು ಯಾರೂ ಎತ್ತಲಿಲ್ಲವಲ್ರೀ. ಮಿಷಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಹೋದ ಡೆಮಾಕ್ರಟ್ ಶ್ರೀ ಥಾಣೇದಾರ್ ಹುಟ್ಟಿದ್ದು ನಮ್ಮ ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ದೊಡ್ಡಮ್ಮ ಹೇಳಿದ ಆ 2018ರ ಗವರ್ನರ್ ಪ್ರೈಮರಿಯಲ್ಲಿ ಇವರೂ ನಿಂತು ಮೂರನೇ ಸ್ಥಾನ ಪಡೆದಿದ್ದರು. 2022ರಲ್ಲಿ ಡೆಟ್ರಾಯ್ಟ್ ಭಾಗದ 13ನೇ ಕ್ಷೇತ್ರದ ಪ್ರೈಮರಿಯಲ್ಲಿ ತುಂಬಾ ಜನ ನಿಂತಿದ್ದರು, ಇವರು ಶೇ 28 ಓಟಿನಲ್ಲೇ ಗೆದ್ದರು. ಡೆಮಾಕ್ರಟರ ಭದ್ರಕೋಟೆ ಅದು, ನವೆಂಬರ್ ಬರೀ ಶಾಸ್ತ್ರಕ್ಕೆ. ಅಂಥ ಕ್ಷೇತ್ರದಲ್ಲಿ ಪ್ರೈಮರಿಯೇ ಚುನಾವಣೆ. ಅಲ್ಲಿ ಜನ ಕಡಿಮೆ ಬಂದರೂ ಪಕ್ಷಕ್ಕೆ ಏನೂ ಆಗಂಗಿಲ್ಲ.

ಸಿಯಾಟಲ್ ಸುಮಾ

ತಡವಾಗಿ ಬಂದೆ, ಪೂರ್ತಿ ಓದಿದೆ. ಒಂದು ರಾಜ್ಯದ ಪ್ರೈಮರಿ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತೆ, ಅದು ನಮ್ಮ ವಾಷಿಂಗ್ಟನ್ ರಾಜ್ಯದ ಆಗಸ್ಟ್ ಪ್ರೈಮರಿ. ಇಲ್ಲಿ ಯಾವ ಪಕ್ಷದ್ದು ಅಂತ ಯಾರೂ ಕೇಳಲ್ಲ. ಎಲ್ಲಾ ಪಕ್ಷದ ಎಲ್ಲಾ ಅಭ್ಯರ್ಥಿಗಳೂ ಒಂದೇ ಪಟ್ಟಿಯಲ್ಲಿ, ಮೊದಲ ಇಬ್ಬರು ನವೆಂಬರ್‌ಗೆ. ಬ್ಯಾಲೆಟ್ ಅಂಚೆಯಲ್ಲಿ ಮನೆಗೇ ಬರುತ್ತೆ. ಅಡುಗೆಮನೆ ಮೇಜಿನ ಮೇಲೆ ಕೂತು ತುಂಬಿಸಿ, ಲಕೋಟೆ ಮೇಲೆ ಸಹಿ ಹಾಕಿ, ಲೈಬ್ರರಿ ಹತ್ತಿರದ ಡಬ್ಬಿಗೆ ಹಾಕಿ ಬಂದರೆ ಆಯ್ತು. ಹಾಗಾಗಿ ಒಬ್ಬರಿಗೆ ಪೈಪೋಟಿ ಇಲ್ಲ, ಅದಕ್ಕೆ ಜನ ಬರಲಿಲ್ಲ ಅನ್ನೋ ತೊಡಕು ಇಲ್ಲಿ ಕಡಿಮೆ. ಎರಡೂ ಪಕ್ಷದ ಒಟ್ಟು ಓಟು ಕೂಡಿಸಿ ಹೋಲಿಸಬಹುದು.

2022ರಲ್ಲಿ ಎಲ್ಲರೂ ಕೆಂಪು ಅಲೆ, ಅಂದರೆ ರಿಪಬ್ಲಿಕನ್ ಅಲೆ, ಬರುತ್ತೆ ಅಂತಿದ್ದರು. ಆಗಸ್ಟ್‌ನಲ್ಲಿ ನಮ್ಮ ಡೆಮಾಕ್ರಟ್ ಸೆನೆಟರ್ ಪ್ಯಾಟಿ ಮರ್ರೆ ಒಬ್ಬರೇ ಶೇ 52 ತಗೊಂಡರು. 2010ರ ನಿಜವಾದ ಅಲೆಯ ವರ್ಷದಲ್ಲಿ ಅವರಿಗೆ ಸಿಕ್ಕಿದ್ದು ಶೇ 46. ಲೆಕ್ಕ ಬಲ್ಲವರು ಆಗಲೇ ಅಲೆ ಬರಲ್ಲ ಅಂದರು, ಬರಲೂ ಇಲ್ಲ. ಸೆನೆಟ್ ಡೆಮಾಕ್ರಟರ ಕೈಯಲ್ಲೇ ಉಳಿಯಿತು.

ಲೆಕ್ಕದ ಲಲಿತಾ

ಸುಮಾ, ಕ್ಯಾಲಿಫೋರ್ನಿಯಾದಲ್ಲೂ ಅದೇ ಪದ್ಧತಿ ಅಲ್ವಾ? ಆದರೆ 2018ರ ಜೂನ್‌ನಲ್ಲಿ 21ನೇ ಕ್ಷೇತ್ರದ ರಿಪಬ್ಲಿಕನ್ ವಲಡಾವ್‌ಗೆ ಶೇ 62ಕ್ಕೂ ಜಾಸ್ತಿ. ಎದುರಿಗಿದ್ದಿದ್ದು ಟಿ.ಜೆ. ಕಾಕ್ಸ್ ಒಬ್ಬರೇ. ನವೆಂಬರ್‌ನಲ್ಲಿ ಅದೇ ಕಾಕ್ಸ್ 862 ಓಟಿನಿಂದ ಗೆದ್ದರು. ಒಂದೇ ಜೋಡಿ, ಐದೇ ತಿಂಗಳು.

ಸಿಯಾಟಲ್ ಸುಮಾ

ಹೌದು, ಅಲ್ಲಿ ಜೂನ್‌ಗೂ ನವೆಂಬರ್‌ಗೂ ಓಟು ಹಾಕೋ ಜನವೇ ಬೇರೆ. ಜೂನ್‌ನಲ್ಲಿ ವಯಸ್ಸಾದವರು, ಮನೆ ಇರೋರು ಜಾಸ್ತಿ. ಹುಡುಗರು, ಹೊಲದ ಕೆಲಸದ ಲ್ಯಾಟಿನೋ ಕುಟುಂಬಗಳು ನವೆಂಬರ್‌ಗೇ ಬರೋದು. ಅದಕ್ಕೇ ಅಂಕಿಯನ್ನು ಹಾಗೇ ತಗೋಬಾರದು. ಆ ರಾಜ್ಯದ ಹಿಂದಿನ ಪ್ರೈಮರಿಗಳಿಗೆ ತಾಳೆ ಹಾಕಿ, ಎಷ್ಟು ಏರಿದೆ ಇಳಿದಿದೆ ಅಂತ ನೋಡಬೇಕು.

ನಮ್ಮ ರಾಜ್ಯವೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. 2024ರ ಆಗಸ್ಟ್‌ನಲ್ಲಿ ಇಲ್ಲಿ ಡೆಮಾಕ್ರಟರಿಗೆ ಚೆನ್ನಾಗೇ ಬಂತು. ನವೆಂಬರ್‌ನಲ್ಲಿ ದೇಶವೆಲ್ಲ ಬಲಕ್ಕೆ ಸರಿಯಿತು, ನಮ್ಮ ರಾಜ್ಯ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ನಮ್ಮ ಅಂಕಿ ನಮ್ಮ ಮಟ್ಟಿಗೆ ಸರಿ ಹೇಳಿತ್ತು, ದೇಶಕ್ಕೆ ಹೇಳಲಿಲ್ಲ.

ಕೆರೆಏರಿ ಕಿಟ್ಟಿ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. 1988 ಮತ್ತು ಟೆಕ್ಸಾಸ್ 2008 ಎರಡನ್ನೂ ಗ್ರೂಪಿಗೆ ಹಾಕಿದೀನಿ. ಸುಮಾ, ನಿಮ್ಮ ಆಗಸ್ಟ್ ಫಲಿತಾಂಶ ನೋಡಬೇಕು ಅಂದರೆ ಆ ರಾತ್ರಿಯ ಅಂಕಿ ಸಾಕಾ?

ಸಿಯಾಟಲ್ ಸುಮಾ

ಸಾಲದು ಕಿಟ್ಟಿ. ಮಂಗಳವಾರ ರಾತ್ರಿ ಬರೋದು ಮೊದಲು ತಲುಪಿದ ಲಕೋಟೆಗಳ ಲೆಕ್ಕ ಮಾತ್ರ. ಕೊನೇ ದಿನ ಡಬ್ಬಿಗೆ ಹಾಕಿದ್ದನ್ನು ಆಮೇಲೆ ಎಣಿಸ್ತಾರೆ. ಅವು ಸಾಮಾನ್ಯವಾಗಿ ಡೆಮಾಕ್ರಟರ ಕಡೆಗೆ, ಅದರಲ್ಲೂ ಎಡಪಂಥದವರ ಕಡೆಗೆ ವಾಲ್ತವೆ. ಕೌಂಟಿಗಳು ಫಲಿತಾಂಶಕ್ಕೆ ಮುದ್ರೆ ಒತ್ತೋದು ಎರಡು ವಾರ ಆದಮೇಲೆ. ಅಲ್ಲಿವರೆಗೂ ಯಾರ ಜೊತೆಗೂ ಬೆಟ್ ಕಟ್ಟಬೇಡಿ, ಭಾವನ ಜೊತೆಗಂತೂ ಬೇಡವೇ ಬೇಡ.